ಫಿರಂಗಿಗಿಂತ ಮೊದಲು ಹೆಸರು ನೋಡಿ: ಕ್ಯಾನ್‌ಬೆರಾದ ಯುದ್ಧ ಸ್ಮಾರಕದ ಬಗ್ಗೆ

(ಮೈಸೂರಿನಲ್ಲಿ ಹಿರಿಯ ಓದುಗರ ಬಳಗವೊಂದರ ಮುಂದೆ ಆಡಿದ ಮಾತಿನ ಬರಹ ರೂಪ. ಅವತ್ತು ಸಮಯ ಸಾಲದೆ ಬಿಟ್ಟ ಕೆಲವು ವಿವರ ಸೇರಿಸಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ತುಂಬ ಜನರ ಮಕ್ಕಳು ಆಸ್ಟ್ರೇಲಿಯಾದಲ್ಲಿದ್ದಾರೆ. ಮಗಳ ಬಾಣಂತನಕ್ಕೋ, ಮೊಮ್ಮಗನ ಹುಟ್ಟುಹಬ್ಬಕ್ಕೋ ಹೋಗಿ ಮೂರು ತಿಂಗಳು ಇದ್ದು ಬರುತ್ತೀರಿ. ಸಿಡ್ನಿಯಲ್ಲಿ ಆಪೆರಾ ಹೌಸ್ ಆಗುತ್ತದೆ, ಸೇತುವೆ ಆಗುತ್ತದೆ, ಬ್ಲೂ ಮೌಂಟನ್ಸ್ ಆಗುತ್ತದೆ. ಆಮೇಲೆ ಒಂದು ಶನಿವಾರ ಮಕ್ಕಳು ಕಾರಿನಲ್ಲಿ ಕೂರಿಸಿಕೊಂಡು ಕ್ಯಾನ್‌ಬೆರಾಕ್ಕೆ ಕರೆದುಕೊಂಡು ಹೋಗುತ್ತಾರೆ. ಮೂರು ಗಂಟೆಯ ದಾರಿ. ಮೊದಲು ಪಾರ್ಲಿಮೆಂಟ್, ಊಟ, ಆಮೇಲೆ ಯುದ್ಧ ಸ್ಮಾರಕ. "ಅಲ್ಲಿ ವಿಮಾನ ಇದೆ, ಟ್ಯಾಂಕ್ ಇದೆ, ಟಿಕೆಟ್‌ಗೆ ದುಡ್ಡಿಲ್ಲ, ಫ್ರೀ" ಅಂತ ಮಗ ಹೇಳುತ್ತಾನೆ. ಒಂದು ಗಂಟೆ ಸುತ್ತಿ, ಟ್ಯಾಂಕಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡು ವಾಪಸ್.

ಇವತ್ತು ನಿಮ್ಮಲ್ಲಿ ನನ್ನದು ಒಂದೇ ಕೋರಿಕೆ. ಆ ಜಾಗವನ್ನು ಹಾಗೆ ನೋಡಬೇಡಿ. ಮೊದಲು ಹೆಸರುಗಳ ಹತ್ತಿರ ಹೋಗಿ. ವಿಮಾನ, ಟ್ಯಾಂಕ್ ಎಲ್ಲ ಆಮೇಲೆ. ಆ ಕಟ್ಟಡ ಇರುವುದೇ ಹೆಸರುಗಳಿಗಾಗಿ. ಮ್ಯೂಸಿಯಂ ಇರುವುದು ಆ ಹೆಸರುಗಳ ಹಿಂದೆ ಏನು ನಡೆಯಿತು ಅಂತ ಹೇಳುವುದಕ್ಕೆ.

ಇದನ್ನು ಕಟ್ಟಬೇಕು ಅಂತ ಹಟ ಹಿಡಿದವರು ಚಾರ್ಲ್ಸ್ ಬೀನ್. ಅವರು ಸೈನಿಕರಲ್ಲ, ಪತ್ರಕರ್ತರು. ಮೊದಲ ಮಹಾಯುದ್ಧದಲ್ಲಿ ಆಸ್ಟ್ರೇಲಿಯಾದ ಅಧಿಕೃತ ವರದಿಗಾರ. 1915ರ ಏಪ್ರಿಲ್ 25ರಂದು ತುರ್ಕಿಯ ಗಲ್ಲಿಪೊಲಿ ತೀರದಲ್ಲಿ ಸೈನಿಕರ ಜೊತೆಗೇ ಇಳಿದರು. ಅಲ್ಲಿ ಗುಂಡೇಟು ಬಿದ್ದರೂ ಸೈನ್ಯ ಹಿಂದೆ ಸರಿಯುವ ತನಕ ಜಾಗ ಬಿಡಲಿಲ್ಲ. ಅಲ್ಲಿಂದ ಫ್ರಾನ್ಸಿಗೆ ಹೋದರು. 1916ರ ಜುಲೈನಲ್ಲಿ ಪೋಜಿಯೇ ಅನ್ನುವ ಸಣ್ಣ ಹಳ್ಳಿಗಾಗಿ ಕಾಳಗ ಶುರುವಾಯಿತು. ಏಳು ವಾರದೊಳಗೆ ಆಸ್ಟ್ರೇಲಿಯಾದ 23,000 ಜನ ಸತ್ತರು ಅಥವಾ ಗಾಯಗೊಂಡರು. ಆಗ ಇಡೀ ದೇಶದ ಜನಸಂಖ್ಯೆ 50 ಲಕ್ಷವೂ ಇರಲಿಲ್ಲ. ಬೀನ್ ಅದನ್ನೆಲ್ಲ ಕಣ್ಣಾರೆ ನೋಡಿದರು, ದಿನಾ ನೋಟ್‌ಬುಕ್ಕಿನಲ್ಲಿ ಬರೆದರು. ಸತ್ತವರ ಮನೆಯವರಲ್ಲಿ ಬಹುಪಾಲು ಜನ ಅಷ್ಟು ದೂರ ಬಂದು ಮಗನ ಸಮಾಧಿ ನೋಡುವುದು ಆಗದ ಮಾತು. ಎಷ್ಟೋ ಜನಕ್ಕೆ ಸಮಾಧಿಯೇ ಇರಲಿಲ್ಲ. ಊರಲ್ಲಿ ಅವರಿಗೊಂದು ಜಾಗ ಬೇಕು ಅನ್ನುವ ಯೋಚನೆ ಬೀನ್‌ಗೆ ಬಂದದ್ದು ಆ ದಿನಗಳಲ್ಲಿ.

ಅವರು ಇಟ್ಟುಕೊಂಡಿದ್ದ ನಿಯಮಗಳು ನನಗೆ ತುಂಬ ಹಿಡಿಸಿದವು. ಯುದ್ಧವನ್ನು ಹೊಗಳಬಾರದು. ಗೆದ್ದೆವು ಅಂತ ಬೀಗಬಾರದು. ಶತ್ರುವಿನ ಮೇಲೆ ದ್ವೇಷ ಉಳಿಯುವ ಹಾಗೆ ಏನನ್ನೂ ಇಡಬಾರದು. ಯುದ್ಧಭೂಮಿಯಿಂದ ತಂದ ವಸ್ತುಗಳನ್ನು ವಿಜಯದ ಗುರುತು ಅಂತ ಕರೆಯುವುದಕ್ಕೂ ಅವರು ಒಪ್ಪುತ್ತಿರಲಿಲ್ಲ. ಅವರ ಪಾಲಿಗೆ ಅವು ಸತ್ತವರ ನೆನಪಿನ ವಸ್ತುಗಳು.

ಕಟ್ಟಡ ತೆರೆದದ್ದು 1941ರ ನವೆಂಬರ್ 11ರಂದು. ತಾರೀಖು ಗಮನಿಸಿ. ಮೊದಲ ಯುದ್ಧದ ಸಾವುಗಳಿಗಾಗಿ ಯೋಜನೆ ಮಾಡಿದ ಸ್ಮಾರಕ ಅದು. ಬಾಗಿಲು ತೆರೆಯುವ ಹೊತ್ತಿಗೆ ಎರಡನೆಯ ಯುದ್ಧ ಎರಡು ವರ್ಷ ದಾಟಿತ್ತು. ಉದ್ಘಾಟನೆಯಾದ ತಿಂಗಳೊಳಗೆ ಜಪಾನ್ ಕೂಡ ಯುದ್ಧಕ್ಕಿಳಿಯಿತು. ಹೆಸರುಗಳ ಗೋಡೆಗೆ ಇನ್ನೂ ಎಷ್ಟು ಜಾಗ ಬೇಕಾಗುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ.

ಈಗ ಒಳಗೆ ಹೋಗೋಣ.

ಆನ್‌ಜಾಕ್ ಪೆರೇಡ್ ಅನ್ನುವ ಅಗಲವಾದ ರಸ್ತೆ ಕೆರೆಯ ಕಡೆಯಿಂದ ನೇರವಾಗಿ ಸ್ಮಾರಕಕ್ಕೆ ಬರುತ್ತದೆ. ನಡುವೆ ಕೆಂಪು ಇಟ್ಟಿಗೆ ಪುಡಿ ಹಾಸಿದ್ದಾರೆ. ಎರಡೂ ಬದಿ ನೀಲಗಿರಿ ಜಾತಿಯ ಮರಗಳು. ಹಿಂದೆ ಮೌಂಟ್ ಐನ್ಸ್ಲಿ ಗುಡ್ಡ. ಕಾರಿನಿಂದ ಇಳಿದವರು ಒಂದು ನಿಮಿಷ ತಿರುಗಿ ನೋಡಿ. ಕೆರೆಯ ಆಚೆ, ಅದೇ ನೇರಕ್ಕೆ, ಪಾರ್ಲಿಮೆಂಟ್ ಕಾಣುತ್ತದೆ. ಸೈನಿಕರನ್ನು ಯುದ್ಧಕ್ಕೆ ಕಳಿಸುವ ಮನೆಯ ಕಣ್ಣೆದುರಿಗೇ ಸತ್ತವರ ಮನೆ ಇದೆ. ಯಾವ ದೇಶಕ್ಕಾದರೂ ಇದು ಒಳ್ಳೆಯ ಏರ್ಪಾಡು ಅಂತ ನನ್ನ ಅಭಿಪ್ರಾಯ.

ಅದೇ ರಸ್ತೆಯ ಪಕ್ಕದಲ್ಲಿ ಇನ್ನೊಂದು ಸ್ಮಾರಕವಿದೆ, ಕೆಮಾಲ್ ಅತಾತುರ್ಕ್ ಅವರದು. ಗಲ್ಲಿಪೊಲಿಯಲ್ಲಿ ಆಸ್ಟ್ರೇಲಿಯನ್ನರನ್ನು ತಡೆದು ನಿಲ್ಲಿಸಿದ ತುರ್ಕಿ ಸೇನಾನಿ. 1985ರಲ್ಲಿ ಅದನ್ನು ಇಟ್ಟರು. ತಮ್ಮ ಹುಡುಗರನ್ನು ಕೊಂದ ಸೈನ್ಯದ ನಾಯಕನಿಗೆ ರಾಜಧಾನಿಯ ಅತಿ ಮುಖ್ಯ ರಸ್ತೆಯಲ್ಲಿ ಜಾಗ ಕೊಟ್ಟಿದ್ದಾರೆ.

ಸ್ಮಾರಕದ ಬಾಗಿಲು ದಾಟಿದರೆ ತೆರೆದ ಅಂಗಳ. ನಡುವೆ ಉದ್ದನೆಯ ಕೊಳ, ಆರದ ಜ್ಯೋತಿ. ಎರಡೂ ಕಡೆ ಮೇಲೆ ಕಮಾನಿನ ಮೊಗಸಾಲೆ. ಅದರ ಗೋಡೆಯ ತುಂಬ ಕಂಚಿನ ಫಲಕಗಳು. ಒಂದು ಲಕ್ಷದ ಮೂರು ಸಾವಿರ ಹೆಸರುಗಳು, ಇನ್ನೂ ಕೆಲವು ಜಾಸ್ತಿಯೇ. 1885ರ ಸುಡಾನ್ ಕದನದಿಂದ ಇತ್ತೀಚಿನ ಅಫ್ಘಾನಿಸ್ತಾನದವರೆಗೆ. ಅದರಲ್ಲಿ 60,000ಕ್ಕೂ ಹೆಚ್ಚು ಮೊದಲ ಯುದ್ಧದವು.

ಇಲ್ಲಿ ನಿಲ್ಲಿ. ಯಾವುದಾದರೂ ಒಂದು ಫಲಕ ಆರಿಸಿಕೊಂಡು ಮೇಲಿನಿಂದ ಕೆಳಗೆ ಓದಿ. ಹೆಸರುಗಳ ಮುಂದೆ ಪದವಿ ಇಲ್ಲ. ಕ್ಯಾಪ್ಟನ್ ಇಲ್ಲ, ಕರ್ನಲ್ ಇಲ್ಲ. ಪದಕ ಗೆದ್ದವರಿಗೂ ಗುರುತಿಲ್ಲ. ಬರೀ ಹೆಸರು, ಅವರು ಇದ್ದ ತುಕಡಿಯ ಕೆಳಗೆ, ಅಕ್ಷರಕ್ರಮದಲ್ಲಿ. ಜನರಲ್ ಆದವನೂ ಹೇಸರಗತ್ತೆ ಓಡಿಸಿದವನೂ ಒಂದೇ ಅಳತೆಯ ಅಕ್ಷರದಲ್ಲಿ ಇದ್ದಾರೆ. ಒಂದೇ ಮನೆತನದ ಹೆಸರು ಮೂರು ನಾಲ್ಕು ಸಲ ಸಾಲಾಗಿ ಬಂದಾಗ, ಅಣ್ಣ ತಮ್ಮಂದಿರಾ ಅಂತ ಎದೆ ಝಲ್ಲೆನ್ನುತ್ತದೆ. ಕೆಲವು ಕಡೆ ನಿಜವಾಗಿಯೂ ಅಣ್ಣ ತಮ್ಮಂದಿರೇ.

ಹೆಸರುಗಳ ಪಕ್ಕ, ಫಲಕಗಳ ಸಂದಿಯಲ್ಲಿ ಕೆಂಪು ಗಸಗಸೆ ಹೂವು ಸಿಕ್ಕಿಸಿರುತ್ತಾರೆ. ಕಾಗದದ್ದೋ ಬಟ್ಟೆಯದ್ದೋ ಹೂವು. ಇದನ್ನು ಯಾರೂ ಆದೇಶ ಹೊರಡಿಸಿ ಶುರು ಮಾಡಿದ್ದಲ್ಲ. 1993ರಲ್ಲಿ ಅಜ್ಞಾತ ಸೈನಿಕನ ಸಮಾಧಿಗೆ ಹೂವಿಡಲು ಜನ ಉದ್ದ ಸಾಲಿನಲ್ಲಿ ಕಾಯುತ್ತಿದ್ದರು. ಸಾಲು ಈ ಗೋಡೆಯ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಕಾಯುತ್ತಾ ಕಾಯುತ್ತಾ ಜನ ತಮ್ಮವರ ಹೆಸರು ಹುಡುಕಿ ಹೂವನ್ನು ಅಲ್ಲೇ ಸಿಕ್ಕಿಸಿದರು. ಅಂದಿನಿಂದ ಅದೇ ರೂಢಿಯಾಯಿತು.

ಈ ಹೆಸರುಗಳ ಹಿಂದೆ ಒಂದು ಕಾಗದವಿದೆ. ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನೋಡಲು ಹೋದವರಿಗೆ ಸಾಮಾನ್ಯವಾಗಿ ಅದು ಕಣ್ಣಿಗೆ ಬೀಳುವುದಿಲ್ಲ. ಮೊದಲ ಯುದ್ಧ ಮುಗಿದ ಮೇಲೆ ಸತ್ತ ಪ್ರತಿಯೊಬ್ಬನ ಮನೆಗೂ ಒಂದು ಅಚ್ಚಾದ ನಮೂನೆ ಕಳಿಸಿದರು. ಹುಟ್ಟಿದ್ದೆಲ್ಲಿ, ಯಾವ ಶಾಲೆ, ಏನು ಕಸುಬು, ಸಾಯುವಾಗ ವಯಸ್ಸೆಷ್ಟು. ಅದರಲ್ಲಿ ಒಂದು ಪ್ರಶ್ನೆ ಹೀಗಿತ್ತು: ಅವನಿಗೆ ಹೆಚ್ಚು ನಂಟಿದ್ದ ಊರು ಯಾವುದು, ಸ್ಮಾರಕದಲ್ಲಿ ಅವನ ಹೆಸರು ಯಾವ ಊರಿನ ಕೆಳಗೆ ಬರಬೇಕು? ಊರಿನ ಪ್ರಕಾರ ಹೆಸರು ಹಾಕುವ ಯೋಚನೆ ಆಗ ಇತ್ತು. ಆಮೇಲೆ ಅದನ್ನು ಬಿಟ್ಟು ತುಕಡಿಯ ಪ್ರಕಾರ ಹಾಕಿದರು. ಆದರೆ ಮನೆಯವರು ಕೈಯಲ್ಲಿ ತುಂಬಿ ಕಳಿಸಿದ ಆ ನಮೂನೆಗಳು ಉಳಿದಿವೆ. ಸ್ಮಾರಕದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ತಂದೆಯೋ ತಾಯಿಯೋ ಹೆಂಡತಿಯೋ ಕೂತು, ಮಗನ ವಯಸ್ಸು, ಶಾಲೆಯ ಹೆಸರು ಶಾಯಿಯಲ್ಲಿ ಬರೆದಿದ್ದಾರೆ. ಹೋಗುವ ಮುಂಚೆ ಮೈಸೂರಿನಲ್ಲೇ ಕೂತು ಅಂಥ ಒಂದು ಕಾಗದ ಓದಿ ಹೋಗಿ. ಆ ಗೋಡೆಯಲ್ಲಿ ಕನಿಷ್ಠ ಒಂದು ಹೆಸರಾದರೂ ನಿಮಗೆ ಪರಿಚಯದ್ದಾಗಿರುತ್ತದೆ.

ಅಂಗಳದ ಕೊನೆಗೆ ಗುಮ್ಮಟದ ಕೋಣೆ. ಒಳಗೆ ಗೋಡೆಯಿಂದ ಗುಮ್ಮಟದ ತನಕ ಮೊಸಾಯಿಕ್. ಇಟಲಿಯಿಂದ ತರಿಸಿದ 60 ಲಕ್ಷಕ್ಕೂ ಹೆಚ್ಚು ಗಾಜಿನ ಚೂರುಗಳು. ಇದನ್ನು ರೂಪಿಸಿದ ನೇಪಿಯರ್ ವಾಲರ್ ಸ್ವತಃ ಮೊದಲ ಯುದ್ಧದ ಸೈನಿಕ. 1917ರಲ್ಲಿ ಫ್ರಾನ್ಸಿನ ಬುಲ್ಲೆಕೂರ್‌ನಲ್ಲಿ ಗಾಯವಾಗಿ ಬಲಗೈ ಕಳೆದುಕೊಂಡರು. ಚಿತ್ರ ಬರೆಯುವ ಕೈ ಅದು. ಆಮೇಲೆ ಎಡಗೈಯಲ್ಲಿ ಬರೆಯುವುದನ್ನು ಕಲಿತರು. ನೀವು ತಲೆಯೆತ್ತಿ ನೋಡುವುದೆಲ್ಲ ಎಡಗೈಯ ಕೆಲಸ.

ಆ ಕೋಣೆಯ ನಡುವೆ ನೆಲದಲ್ಲಿ ಅಜ್ಞಾತ ಸೈನಿಕನ ಸಮಾಧಿ. ಫ್ರಾನ್ಸಿನ ವಿಲ್ಲೆರ್ ಬ್ರೆಟೊನೊ ಹತ್ತಿರದ ಸ್ಮಶಾನದಿಂದ ಹೆಸರು ಗೊತ್ತಿಲ್ಲದ ಒಬ್ಬನನ್ನು ತಂದು 1993ರ ನವೆಂಬರ್ 11ರಂದು ಇಲ್ಲಿ ಮಣ್ಣು ಮಾಡಿದರು. ಪ್ರಧಾನಿ ಪಾಲ್ ಕೀಟಿಂಗ್ ಅವತ್ತು ಮಾಡಿದ ಭಾಷಣ ಆ ದೇಶದಲ್ಲಿ ಬಹಳ ಹೆಸರಾದದ್ದು. ಆದರೆ ನನಗೆ ನೆನಪಾಗುವುದು ಇನ್ನೊಬ್ಬರ ಮಾತು. ಫ್ರಾನ್ಸಿನ ರಣರಂಗದಲ್ಲಿ ಕಾದಾಡಿದ್ದ ಮುದುಕರೊಬ್ಬರು, ರಾಬರ್ಟ್ ಕೂಮ್ ಅಂತ. ಪೋಜಿಯೇಯಿಂದ ತಂದ ಮಣ್ಣನ್ನು ಪೆಟ್ಟಿಗೆಯ ಮೇಲೆ ಹಾಕುವ ಕೆಲಸ ಅವರದಾಗಿತ್ತು. ಹಾಕಿದವರು, ಯಾರೂ ಹೇಳಿಕೊಡದೆ ಅಂದರು: "ಈಗ ಮನೆಗೆ ಬಂದೆಯಲ್ಲೋ, ಗೆಳೆಯಾ."

ಇಷ್ಟಾದ ಮೇಲೆ ಮ್ಯೂಸಿಯಂಗೆ ಹೋಗಿ.

ಮೊದಲ ಯುದ್ಧದ ವಿಭಾಗದಲ್ಲಿ ಡಯೋರಾಮಾಗಳನ್ನು ಬಿಡಬೇಡಿ. ನಮ್ಮ ದಸರಾ ಗೊಂಬೆ ಕೂರಿಸುವ ಹಾಗೆ ಇಡೀ ಒಂದು ರಣರಂಗವನ್ನು ಸಣ್ಣದಾಗಿ ಕಟ್ಟಿರುತ್ತಾರೆ. ಇವುಗಳಲ್ಲಿ ಹೆಚ್ಚಿನವು 1920ರ ದಶಕದಲ್ಲಿ ಶಿಲ್ಪಿಗಳು ಮಾಡಿದ್ದು. ಕೆಸರು, ಮುರಿದ ಮರ, ಬಿದ್ದ ದೇಹ, ಎಲ್ಲ ಇದೆ. ಗಾಯಾಳುವನ್ನು ಹೊತ್ತವರ ಬೆನ್ನು ಬಾಗಿರುವುದು ಕಾಣುತ್ತದೆ. ಈಗಿನ ದೊಡ್ಡ ಸ್ಕ್ರೀನ್‌ಗಳಿಗಿಂತ ಇವೇ ನನ್ನನ್ನು ಜಾಸ್ತಿ ಹೊತ್ತು ಹಿಡಿದಿಟ್ಟವು.

ಎರಡನೆಯ ಯುದ್ಧದ ವಸ್ತುಗಳಲ್ಲಿ ಒಂದರ ಕಥೆ ಹೇಳಲೇಬೇಕು. 1942ರ ಮೇ 31ರ ರಾತ್ರಿ ಜಪಾನಿನ ಮೂರು ಪುಟ್ಟ ಜಲಾಂತರ್ಗಾಮಿಗಳು ಸಿಡ್ನಿ ಬಂದರಿಗೆ ನುಗ್ಗಿದವು. ಒಂದೊಂದರಲ್ಲಿ ಇಬ್ಬರೇ. ಕುಟಬುಲ್ ಅನ್ನುವ ಹಡಗು ಮುಳುಗಿ 21 ನಾವಿಕರು ಸತ್ತರು. ಎರಡು ಜಲಾಂತರ್ಗಾಮಿಗಳನ್ನು ಆಮೇಲೆ ನೀರಿನಿಂದ ಎತ್ತಿದರು. ಎರಡರ ಭಾಗಗಳನ್ನು ಸೇರಿಸಿ ಒಂದು ಮಾಡಿ ಸ್ಮಾರಕದಲ್ಲಿ ಇಟ್ಟಿದ್ದಾರೆ. ಒಳಗೆ ಸಿಕ್ಕ ನಾಲ್ವರು ಜಪಾನೀಯರಿಗೆ ಆಸ್ಟ್ರೇಲಿಯಾದ ನೌಕಾಪಡೆ ಸೈನಿಕ ಗೌರವದೊಂದಿಗೆ ಅಂತ್ಯಕ್ರಿಯೆ ಮಾಡಿತು. ಯುದ್ಧ ಜೋರಾಗಿ ನಡೆಯುತ್ತಿದ್ದಾಗಲೇ. ತಮ್ಮವರು ಸತ್ತಿದ್ದರಿಂದ ಕೋಪಗೊಂಡಿದ್ದ ಜನ ಇದ್ದರು, ಆದರೂ ಮಾಡಿದರು. ಚಿತಾಭಸ್ಮವನ್ನು ಜಪಾನಿಗೆ ಕಳಿಸಿಕೊಟ್ಟರು.

ಆ ನಾಲ್ವರಲ್ಲಿ ಕೇಯು ಮಾತ್ಸುವೊ ಒಬ್ಬ. 1968ರಲ್ಲಿ ಅವನ ವಯಸ್ಸಾದ ತಾಯಿ ಆಸ್ಟ್ರೇಲಿಯಾಕ್ಕೆ ಬಂದರು. ಮಗ ಸತ್ತ ನೀರು ನೋಡಿದರು. ಕ್ಯಾನ್‌ಬೆರಾಕ್ಕೂ ಬಂದರು. ಮಗ ಸೊಂಟಕ್ಕೆ ಕಟ್ಟಿಕೊಂಡಿದ್ದ ಬಟ್ಟೆಯ ಪಟ್ಟಿಯನ್ನು ಅವರ ಕೈಗೆ ವಾಪಸ್ ಕೊಟ್ಟರು. ಜಪಾನಿನಲ್ಲಿ ಯುದ್ಧಕ್ಕೆ ಹೋಗುವವನಿಗೆ ಸಾವಿರ ಹೆಂಗಸರು ಒಬ್ಬೊಬ್ಬರೂ ಒಂದೊಂದು ಹೊಲಿಗೆ ಹಾಕಿ ಅಂಥ ಪಟ್ಟಿ ಮಾಡಿಕೊಡುತ್ತಿದ್ದರು, ಗುಂಡು ತಾಗದಿರಲಿ ಅಂತ. ಜಲಾಂತರ್ಗಾಮಿಯ ಮುಂದೆ ನಿಂತಾಗ ದಯವಿಟ್ಟು ಈ ತಾಯಿಯನ್ನು ನೆನೆಯಿರಿ. ಉಕ್ಕಿನ ಉದ್ದ ಅಗಲ ಫಲಕದಲ್ಲಿ ಬರೆದಿರುತ್ತಾರೆ, ಅದನ್ನು ಯಾವಾಗ ಬೇಕಾದರೂ ಓದಬಹುದು.

ಹೊರಗೆ ಹುಲ್ಲುಹಾಸಿನಲ್ಲಿ ಒಂದು ಪೈನ್ ಮರ ಇದೆ. ಗಲ್ಲಿಪೊಲಿಯ ಲೋನ್ ಪೈನ್ ಕಾಳಗದಲ್ಲಿ ತಮ್ಮನನ್ನೋ ಅಣ್ಣನನ್ನೋ ಕಳೆದುಕೊಂಡ ಸೈನಿಕನೊಬ್ಬ ಅಲ್ಲಿಂದ ಒಂದು ಪೈನ್ ಕಾಯಿಯನ್ನು ತಾಯಿಗೆ ಕಳಿಸಿದ. ತಾಯಿ ವರ್ಷಗಟ್ಟಲೆ ಇಟ್ಟುಕೊಂಡಿದ್ದು ಆಮೇಲೆ ಬೀಜ ಬಿತ್ತಿದರು. ಹುಟ್ಟಿದ ಸಸಿಗಳಲ್ಲಿ ಒಂದು 1934ರಲ್ಲಿ ಇಲ್ಲಿ ನೆಟ್ಟಿದ್ದು.

ಈಗ ನಮ್ಮ ಊರಿನ ನಂಟು. ಎಳೆದು ತಂದ ನಂಟಲ್ಲ ಇದು.

ಮೊದಲ ಯುದ್ಧದಲ್ಲಿ ಪ್ಯಾಲೆಸ್ಟೈನ್‌ನಲ್ಲಿ ಹೋರಾಡಿದ ದೊಡ್ಡ ಕುದುರೆ ಪಡೆಯ ಹೆಸರು ಡೆಸರ್ಟ್ ಮೌಂಟೆಡ್ ಕೋರ್. ಅದರ ಮುಖ್ಯಸ್ಥ ಹ್ಯಾರಿ ಶೋವೆಲ್, ಆಸ್ಟ್ರೇಲಿಯಾದವರು. ಅವರ ಕೈಕೆಳಗೆ ಆಸ್ಟ್ರೇಲಿಯಾದ ಲೈಟ್ ಹಾರ್ಸ್ ಸವಾರರಿದ್ದರು, ಬ್ರಿಟಿಷರಿದ್ದರು, ಭಾರತದ ಸಂಸ್ಥಾನಗಳ ಸವಾರರೂ ಇದ್ದರು: ಜೋಧಪುರ, ಹೈದರಾಬಾದ್, ನಮ್ಮ ಮೈಸೂರು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣ ಹಿಡಿದದ್ದು ಇವರಲ್ಲಿ ಜೋಧಪುರ, ಮೈಸೂರಿನ ಸವಾರರು. ಜೋಧಪುರದವರು ಊರಿನ ಕಡೆ ನುಗ್ಗಿದರೆ, ಮೈಸೂರು ಲ್ಯಾನ್ಸರ್ಸ್‌ನವರು ಕಾರ್ಮೆಲ್ ಗುಡ್ಡದ ಮೇಲಿನ ಫಿರಂಗಿಗಳ ಮೇಲೆ ಹೋದರು. ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ಪ್ರತಿಮೆಯಾಗಿ ನಿಂತ ಮೂವರು ಸೈನಿಕರಲ್ಲಿ ಒಬ್ಬ ಮೈಸೂರಿನವನು. ಹಾಗಾಗಿ ಕ್ಯಾನ್‌ಬೆರಾದಲ್ಲಿ ಲೈಟ್ ಹಾರ್ಸ್‌ನ ಚಿತ್ರಗಳು, ಜೀನುಗಳನ್ನು ನೋಡುವಾಗ, ಅದೇ ಯುದ್ಧದಲ್ಲಿ ಅದೇ ಕೋರ್‌ನಲ್ಲಿ ನಮ್ಮವರಿದ್ದರು ಅಂತ ಗೊತ್ತಿರಲಿ. ಕುದುರೆಗಳ ಕಥೆ ಬೇರೆಯೇ ಸಂಕಟದ್ದು. ಆಸ್ಟ್ರೇಲಿಯಾದಿಂದ ಲಕ್ಷಕ್ಕೂ ಹೆಚ್ಚು ಕುದುರೆ ಹೊರಗೆ ಹೋದವು. ವಾಪಸ್ ಬಂದದ್ದು ಒಂದೇ ಒಂದು, ಅದರ ಹೆಸರು ಸ್ಯಾಂಡಿ. ಉಳಿದವುಗಳಲ್ಲಿ ಕೆಲವು ಭಾರತೀಯ ಸೈನ್ಯಕ್ಕೆ ಸೇರಿದವು.

ಗಲ್ಲಿಪೊಲಿಯಲ್ಲೂ ಭಾರತೀಯರಿದ್ದರು, ಸುಮಾರು 15,000 ಜನ. ಹೇಸರಗತ್ತೆಗಳ ಮೇಲೆ ನೀರು, ಮದ್ದುಗುಂಡು ಸಾಗಿಸಿದವರು, ಫಿರಂಗಿ ಹೊಡೆದವರು, ಸಿಖ್ಖರು, ಗೂರ್ಖರು. ಸ್ಮಾರಕದ ಹೊರಗೆ ಕತ್ತೆಯ ಜೊತೆ ನಿಂತ ಸಿಂಪ್ಸನ್ ಅನ್ನುವ ಸೈನಿಕನ ಪ್ರತಿಮೆ ಇದೆ. ಗಾಯಾಳುಗಳನ್ನು ಕತ್ತೆಯ ಮೇಲೆ ಹೊತ್ತು ತರುತ್ತಿದ್ದವನು, ಮೂರೂವರೆ ವಾರದಲ್ಲಿ ತಾನೂ ಸತ್ತ. ಆಸ್ಟ್ರೇಲಿಯಾದ ಮಕ್ಕಳಿಗೆಲ್ಲ ಅವನ ಕಥೆ ಗೊತ್ತು. ಅವನು ಬಿಡಾರ ಹೂಡಿದ್ದು ಭಾರತೀಯ ಫಿರಂಗಿ ಪಡೆಯವರ ಜೊತೆ. ಇದು ನಮ್ಮ ಮಕ್ಕಳಿಗೂ ಗೊತ್ತಾಗಲಿ.

ಇಷ್ಟೆಲ್ಲ ಮೆಚ್ಚಿದವನು ಕೊರತೆಯನ್ನೂ ಹೇಳಬೇಕು. ಹೆಸರೇ ಮುಖ್ಯ ಅನ್ನುವ ಜಾಗದಲ್ಲಿ ಯಾರ ಹೆಸರು ಇಲ್ಲ ಅಂತ ಕೇಳದೆ ಬರಬಾರದು. ಬಿಳಿಯರು ಬಂದು ನೆಲ ಹಿಡಿದಾಗ ಅಲ್ಲಿನ ಮೂಲನಿವಾಸಿಗಳು ನೂರಕ್ಕೂ ಹೆಚ್ಚು ವರ್ಷ ಎದುರು ನಿಂತರು. ಸಾವಿರಾರು ಜನ ಸತ್ತರು. ಆ ನೆಲದ ಮೇಲೇ ನಡೆದ ಯುದ್ಧ ಅದು. ಗೋಡೆಯಲ್ಲಿ ಅವರಿಗೆ ಜಾಗವಿಲ್ಲ. ಮೊದಲ ಯುದ್ಧದ ಹೊತ್ತಿಗೆ ಯುರೋಪಿನ ಮೂಲದವರಲ್ಲ ಅಂತ ಮೂಲನಿವಾಸಿಗಳನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವುದಕ್ಕೂ ಕಾನೂನು ಅಡ್ಡ ಬರುತ್ತಿತ್ತು. ಹೇಗೋ ಸೇರಿ ಹೋರಾಡಿ ಬಂದವರಲ್ಲಿ ಹೆಚ್ಚಿನವರಿಗೆ, ಉಳಿದ ಸೈನಿಕರಿಗೆ ಸಿಕ್ಕ ಜಮೀನು ಸಿಗಲಿಲ್ಲ. ಅಂಗಳದ ಗೋಡೆಯ ಮೇಲೆ ಕಾಂಗರೂ, ಎಮು ಮುಂತಾದ ಪ್ರಾಣಿ ಪಕ್ಷಿಗಳ ಕಲ್ಲಿನ ತಲೆಗಳನ್ನು ಕೆತ್ತಿದ್ದರು. ಅದೇ ಸಾಲಿನಲ್ಲಿ ಮೂಲನಿವಾಸಿ ಗಂಡಸಿನ, ಹೆಂಗಸಿನ ತಲೆಗಳನ್ನೂ ಇಟ್ಟಿದ್ದರು. ಮನುಷ್ಯರನ್ನು ಪ್ರಾಣಿಗಳ ಸಾಲಿಗೆ ಸೇರಿಸಿದ್ದು ನನಗೆ ಸಹಿಸಲಾಗದ ಸಂಗತಿ. 2019ರಲ್ಲಿ ಸೈನ್ಯದಲ್ಲಿ ದುಡಿದ ಮೂಲನಿವಾಸಿಗಳಿಗಾಗಿ ತೋಟದಲ್ಲಿ ಒಂದು ಸ್ಮಾರಕ ಆಯಿತು. ನೆಲಕ್ಕಾಗಿ ನಡೆದ ಆ ಹಳೆಯ ಕಾಳಗಗಳನ್ನು ಹೆಚ್ಚು ವಿವರವಾಗಿ ತೋರಿಸುತ್ತೇವೆ ಅಂತ 2022ರಲ್ಲಿ ಸ್ಮಾರಕದವರು ಹೇಳಿದರು. ಆ ಮಾತಿಗೂ ದೇಶದಲ್ಲಿ ಜಗಳವಾಯಿತು. ಪೂರಾ ತೋರಿಸಬೇಕು ಅನ್ನುವವರ ಪರ ನಾನು. ಬೀನ್ ಬಯಸಿದ ಪ್ರಾಮಾಣಿಕತೆಗೆ ಅದೇ ತಕ್ಕದ್ದು.

ಇನ್ನೊಂದು ತಕರಾರು ವಿಸ್ತರಣೆಯದು. 2018ರಲ್ಲಿ ಸರ್ಕಾರ 49.8 ಕೋಟಿ ಡಾಲರ್ ಕೊಟ್ಟಿತು. 2001ರಲ್ಲಿ ಕಟ್ಟಿದ್ದ, ಪ್ರಶಸ್ತಿ ಪಡೆದ ಹಾಲ್ ಅನ್ನೇ ಕೆಡವಿದರು. ವಿಮಾನ, ದೊಡ್ಡ ಯಂತ್ರಗಳಿಗೆ ಜಾಗ ಬೇಕು ಅಂತ. ಶಸ್ತ್ರಾಸ್ತ್ರ ತಯಾರಿಸುವ ಕಂಪನಿಗಳಿಂದ ಸ್ಮಾರಕ ದೇಣಿಗೆ ಪಡೆದದ್ದಕ್ಕೂ ವಿರೋಧ ಬಂತು. ಆ ವಿರೋಧ ಸರಿ ಅಂತಲೇ ನನಗೆ ಅನ್ನಿಸುತ್ತದೆ.

ಇನ್ನು ಸಭೆಯಲ್ಲಿ ಬಂದ ಪ್ರಶ್ನೆಗಳು.

ಎಷ್ಟು ಹೊತ್ತು ಬೇಕು, ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಬಹುದಾ ಅಂತ ಒಬ್ಬರು ಕೇಳಿದರು. ಖಂಡಿತ ಹೋಗಿ. ಅರ್ಧ ದಿನ ಇಟ್ಟುಕೊಳ್ಳಿ. ಮಧ್ಯಾಹ್ನ ಹೋಗುವುದು ಒಳ್ಳೆಯದು, ಯಾಕೆಂದರೆ ದಿನಾ ಮುಚ್ಚುವ ಹೊತ್ತಿಗೆ ಅಂಗಳದಲ್ಲಿ ಲಾಸ್ಟ್ ಪೋಸ್ಟ್ ಅಂತ, ಸತ್ತ ಸೈನಿಕರ ನೆನಪಿನ ಕಹಳೆ ಊದುತ್ತಾರೆ. 2013ರಿಂದ ಅದರ ಜೊತೆಗೆ ಪ್ರತಿದಿನ ಗೋಡೆಯಲ್ಲಿರುವ ಒಬ್ಬನ ಜೀವನದ ಕಥೆ ಓದುತ್ತಾರೆ. ಒಂದು ದಿನಕ್ಕೆ ಒಬ್ಬ. ಜೂನ್, ಜುಲೈನಲ್ಲಿ ಹೋಗುವುದಾದರೆ ದಪ್ಪ ಸ್ವೆಟರ್ ಇರಲಿ, ಅಂಗಳದಲ್ಲಿ ಕೊರೆಯುವ ಚಳಿ. ಸಮಯ, ಪ್ರವೇಶ ಚೀಟಿ ಎಲ್ಲ ಮೊದಲೇ ಜಾಲತಾಣದಲ್ಲಿ ನೋಡಿಕೊಳ್ಳಿ.

ಗಲ್ಲಿಪೊಲಿಯಲ್ಲಿ ಅವರು ಸೋತರಲ್ವಾ, ಸೋತ ಯುದ್ಧಕ್ಕೆ ಇಷ್ಟೊಂದು ಯಾಕೆ ಅಂತ ಇನ್ನೊಬ್ಬರು ಕೇಳಿದರು. ಹೌದು, ಎಂಟು ತಿಂಗಳು ಅಲ್ಲಿದ್ದು, 8,000ಕ್ಕೂ ಹೆಚ್ಚು ಜನರನ್ನು ಕಳೆದುಕೊಂಡು ವಾಪಸ್ ಬಂದರು. ಆ ಗೋಡೆಯಲ್ಲಿ ಸೋಲು ಗೆಲುವಿನ ಲೆಕ್ಕವೇ ಇಲ್ಲ. ಗೆದ್ದ ಕಾಳಗದಲ್ಲಿ ಸತ್ತವನ ಮನೆಯೂ ಖಾಲಿ, ಸೋತ ಕಾಳಗದಲ್ಲಿ ಸತ್ತವನ ಮನೆಯೂ ಖಾಲಿ.

ಕೊನೆಯ ಪ್ರಶ್ನೆ ನಿವೃತ್ತ ಶಿಕ್ಷಕಿಯೊಬ್ಬರದು. ನಮ್ಮ ಮೈಸೂರು ಲ್ಯಾನ್ಸರ್ಸ್‌ನವರ ಹೆಸರು ಎಲ್ಲಿ ಓದಬಹುದು? ಬೆಂಗಳೂರಿನ ಜೆ.ಸಿ. ನಗರದ ಕಡೆ ಲ್ಯಾನ್ಸರ್ಸ್ ಸ್ಮಾರಕ ಇದೆ, ಸತ್ತವರ ಹೆಸರು ಕಲ್ಲಿನಲ್ಲಿವೆ. ದಿನಾ ಸಾವಿರಾರು ಜನ ಆ ದಾರಿಯಲ್ಲಿ ಹೋಗುತ್ತಾರೆ, ನಿಂತು ಓದುವವರು ಕಡಿಮೆ. ಸುಮ್ನೆ ಒಂದು ಭಾನುವಾರ ಹೋಗಿ ಬನ್ನಿ. ಯುದ್ಧದಲ್ಲಿ ಸತ್ತವರ ಸಮಾಧಿ, ಹೆಸರುಗಳ ದಾಖಲೆ ಇಟ್ಟಿರುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ಜಾಲತಾಣದಲ್ಲಿ ರೆಜಿಮೆಂಟಿನ ಹೆಸರು ಕೊಟ್ಟೂ ಹುಡುಕಬಹುದು. ಆದರೆ ಆಸ್ಟ್ರೇಲಿಯಾದ ಮನೆಗಳಿಂದ ತುಂಬಿ ಬಂದಂಥ ನಮೂನೆ, ಯಾವ ಶಾಲೆ, ಯಾವ ಕಸುಬು, ಯಾವ ಊರು ಅನ್ನುವುದು, ನಮ್ಮ ಸವಾರರದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಅದು ಇರುವುದಾದರೆ ಮನೆಗಳಲ್ಲಿ, ಹಳೆಯ ಟ್ರಂಕುಗಳಲ್ಲಿ ಇರಬೇಕು. ನಿಮ್ಮ ತಾತ, ಮುತ್ತಾತ ಸಂಸ್ಥಾನದ ಪಡೆಯಲ್ಲಿದ್ದರೆ ಅವರ ಪದಕ, ಪಿಂಚಣಿ ಕಾಗದ, ಫೋಟೊ, ಏನಿದ್ದರೂ ಮುಂದಿನ ಸಭೆಗೆ ತನ್ನಿ. ನಾನು ಸ್ಕ್ಯಾನರ್ ತರುತ್ತೇನೆ. ಜೊತೆಗೆ ಅವರ ಊರು, ಕಸುಬು, ನಿಮಗೆ ಕೇಳಿ ಗೊತ್ತಿರುವುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಬನ್ನಿ.